ಸೆರಗು ಎಲ್ಲಿಂದ ಸುರು?

ಊರಿಗೆ ಹೋದಾಗ ಯಾರಾದರೂ ‘ಚೆನ್ನೈನ್ಯಾಗ ಏನ್ ಕೆಲಸಪಾ?’ ಎಂದು ಕೇಳಿದರೆ ‘ಕಂಪ್ಯೂಟರಿನ್ಯಾಗ ಬಣ್ಣ ತುಂಬತೀನಿ’ ಎಂದು ಹೇಳಿ ಸುಮ್ಮನಾಗುತ್ತೇನೆ. ಕೇಳಿದವರಿಗೂ ಅಷ್ಟು ಸಾಕು. ನಿಜ ಹೇಳಬೇಕೆಂದರೆ ಬಣ್ಣ ತುಂಬುವುದು ಎರಡು ಕ್ಲಿಕ್ಕಿನ ಕೆಲಸ. ನನ್ನ ದಿನದ ಅರ್ಧ ಹೊತ್ತನ್ನು ತಿನ್ನುವುದು ಒಂದು ಬಣ್ಣ ಇನ್ನೊಂದಾಗುವ ಜಾಗ. ಅದಕ್ಕೆ ಗ್ರೇಡಿಯಂಟ್ ಎಂದು ಹೆಸರು. ಹೋದ ವರ್ಷ ಅವ್ವ ನುಂಗಂಬಾಕ್ಕಂಗೆ ಬಂದು ಒಂದು ತಿಂಗಳು ಇದ್ದು ಹೋದ ಮೇಲೆ ಆ ಜಾಗದ ಬಗ್ಗೆ ನನಗಿದ್ದ ತಿಳಿವಳಿಕೆ ಸ್ವಲ್ಪ ಅಲುಗಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆಫೀಸು ಇರುವುದು ಕಾಲೇಜು ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ, ಹಳೆಯ ಮನೆಯೊಂದರ ಮಹಡಿಯಲ್ಲಿ. ಏಳು ಜನರ ಸಣ್ಣ ಸ್ಟುಡಿಯೋ. ಇದೇ ರಸ್ತೆಯಲ್ಲಿ ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರವಿದೆ. ಟಿವಿಯಲ್ಲಿ ‘ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್ ಮಳೆ’ ಎಂದು ಓದುತ್ತಾರಲ್ಲ, ಅದು ಇಲ್ಲಿಯ ಲೆಕ್ಕ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಮದ್ರಾಸ್ ವೀಕ್ಷಣಾಲಯ ಕಟ್ಟಿದ್ದೂ ಇಲ್ಲೇ. ಅದೇ ರಸ್ತೆಯಲ್ಲಿ, 1978ರಲ್ಲಿ ಡಾ. ಬದರಿನಾಥ್ ಆರಂಭಿಸಿದ ಶಂಕರ ನೇತ್ರಾಲಯವೂ ಇದೆ. ಸುತ್ತಲಿನ ಲಾಡ್ಜುಗಳಲ್ಲಿ ಬಂಗಾಳಿ, ತೆಲುಗು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡವರು ಮಗನದೋ ಮಗಳದೋ ಕೈ ಹಿಡಿದು ರಸ್ತೆ ದಾಟುತ್ತಿರುತ್ತಾರೆ. ಐದು ವರ್ಷ ಇದನ್ನೆಲ್ಲ ದಾರಿಹೋಕನಂತೆ ನೋಡಿಕೊಂಡಿದ್ದೆ. ನಾನೂ ಹಾಗೆ ಒಬ್ಬರ ಕೈ ಹಿಡಿದು ಇದೇ ರಸ್ತೆ ದಾಟಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ.

ಗ್ರೇಡಿಯಂಟ್ ಮಾಡದವರಿಗಾಗಿ ಮೊದಲು ಒಂದೆರಡು ಮಾತು. ಇಲಸ್ಟ್ರೇಟರ್‌ನಲ್ಲಿ ಒಂದು ಆಕಾರವನ್ನು ಆಯ್ದು ‘ಜಿ’ ಒತ್ತಿದರೆ ಗ್ರೇಡಿಯಂಟ್ ಟೂಲ್ ಕೈಗೆ ಬರುತ್ತದೆ. ಕೋರೆಲ್‌ಡ್ರಾದಲ್ಲೂ, ದುಡ್ಡಿಲ್ಲದೆ ಸಿಗುವ ಇಂಕ್‌ಸ್ಕೇಪ್‌ನಲ್ಲೂ ಅದೇ ಅಕ್ಷರ. ಮೌಸ್ ಎಳೆದರೆ ಆಕಾರದ ಮೇಲೊಂದು ಗೆರೆ ಮೂಡುತ್ತದೆ. ಗೆರೆಯ ಎರಡು ತುದಿಗೆ ಎರಡು ಗುಂಡಿಗಳು, ಅವಕ್ಕೆ ಸ್ಟಾಪ್ ಎನ್ನುತ್ತೇವೆ. ಈ ತುದಿಗೊಂದು, ಆ ತುದಿಗೊಂದು ಬಣ್ಣ ಕೊಟ್ಟರೆ ನಡುವಿನದನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ. ಇಲಸ್ಟ್ರೇಟರ್‌ನಲ್ಲಿ ಎರಡು ಸ್ಟಾಪುಗಳ ಮಧ್ಯೆ ವಜ್ರದ ಆಕಾರದ ಸಣ್ಣ ಗುರುತೊಂದಿರುತ್ತದೆ, ಎರಡೂ ಬಣ್ಣ ಅರ್ಧರ್ಧ ಸೇರುವ ಸ್ಥಳ ಅದು. ಅದನ್ನು ಅತ್ತಿತ್ತ ಸರಿಸಿದರೆ ಒಂದು ಬಣ್ಣ ಬೇಗ ಮುಗಿದು ಇನ್ನೊಂದು ಹರಡಿಕೊಳ್ಳುತ್ತದೆ. ನೇರಕ್ಕೆ ಹರಿಯುವುದು ಲೀನಿಯರ್. ದೀಪದ ಬೆಳಕಿನಂತೆ ನಡುವಿನಿಂದ ಸುತ್ತ ಹರಡುವುದು ರೇಡಿಯಲ್.

ಹೊಸಬರು ಎಡವುವುದು ಆ ‘ತಾನೇ ತುಂಬುತ್ತದೆ’ ಎನ್ನುವ ಕಡೆ. ಸಾಫ್ಟ್‌ವೇರಿಗೆ ಬಣ್ಣ ಗೊತ್ತಿಲ್ಲ, ಅಂಕಿ ಗೊತ್ತು. ಪರದೆಯ ಲೆಕ್ಕದಲ್ಲಿ ಹಳದಿ ಎಂದರೆ ಕೆಂಪು 255, ಹಸಿರು 255, ನೀಲಿ 0. ನೀಲಿ ಎಂದರೆ 0, 0, 255. ಎರಡರ ಸರಾಸರಿ ತೆಗೆದರೆ ಮೂರೂ ಕಡೆ ಸುಮಾರು 128 ಬರುತ್ತದೆ, ಅಂದರೆ ಅಪ್ಪಟ ಬೂದಿ ಬಣ್ಣ. ಶಾಲೆಯಲ್ಲಿ ಹಳದಿಗೆ ನೀಲಿ ಬೆರೆಸಿ ಹಸಿರು ಮಾಡಿದ ನೆನಪಿನಲ್ಲಿ ಕೂತವನಿಗೆ ಪರದೆಯ ಮೇಲೆ ಪಾತ್ರೆ ತೊಳೆದ ನೀರು ಕಾಣುತ್ತದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನನಗೆ ಮರೀನಾ ಬೀಚಿನ ಸೂರ್ಯೋದಯ ಬರೆಯಲು ಕೊಟ್ಟಿದ್ದರು. ಕೆಳಗೆ ಕಿತ್ತಳೆ, ಮೇಲೆ ನೀಲಿ ಇಟ್ಟೆ. ನಡುವೆ ಆಕಾಶಕ್ಕೆ ಕಾಯಿಲೆ ಬಂದಂತೆ ಬೂದಿ ಪಟ್ಟಿ. ಅರ್ಧ ದಿನ ಎರಡು ತುದಿಯ ಬಣ್ಣಗಳನ್ನೇ ಬದಲಿಸುತ್ತ ಕೂತಿದ್ದೆ. ಹಿಂದಿನಿಂದ ಮಾಸ್ಟರ್ ಬಂದು ನಿಂತರು.

ಮಾಸ್ಟರ್ ನಮ್ಮ ಸ್ಟುಡಿಯೋದ ಹಿರಿಯ ಕಲಾವಿದರು, ಚೆನ್ನೈನವರೇ. ಹುಡುಗನಾಗಿದ್ದಾಗ ಮೌಂಟ್ ರೋಡಿನಲ್ಲಿ ನಿಲ್ಲುತ್ತಿದ್ದ ಸಿನಿಮಾ ಬ್ಯಾನರುಗಳಿಗೆ ಬಣ್ಣ ಹಚ್ಚಿದವರು. ಫ್ಲೆಕ್ಸ್ ಬಂದು ಆ ಕೆಲಸ ಮುಳುಗಿದಾಗ ನಲವತ್ತರ ವಯಸ್ಸಿನಲ್ಲಿ ಕೋರೆಲ್‌ಡ್ರಾ ಕಲಿತರು. ‘ನಡುವುಲ ಒರು ಕಲರ್ ವೈ, ತಂಬಿ’ ಎಂದರು. ನಡುವೆ ಒಂದು ಬಣ್ಣ ಇಡು. ನನ್ನ ಮೌಸ್ ತೆಗೆದುಕೊಂಡು ಮಧ್ಯೆ ಕ್ಲಿಕ್ ಮಾಡಿ ಮೂರನೆಯ ಸ್ಟಾಪ್ ಸೇರಿಸಿ ಅದಕ್ಕೆ ತಿಳಿ ಗುಲಾಬಿ ಕೊಟ್ಟರು. ಬೂದಿ ಹೋಯಿತು, ಬೆಳಗಾಯಿತು. ಬ್ಯಾನರಿನಲ್ಲಿ ನಾಯಕನ ಕೆನ್ನೆ ಬೆಳಕಿನಿಂದ ನೆರಳಿಗೆ ತಿರುಗುವ ಕಡೆ ಅವರು ಗುಲಾಬಿ, ಹಸಿರು, ನೀಲಿಯ ಪಟ್ಟೆಗಳನ್ನು ಎಳೆಯುತ್ತಿದ್ದರಂತೆ. ಹತ್ತಿರದಿಂದ ನೋಡಿದರೆ ಹುಚ್ಚು, ರಸ್ತೆಯ ಆಚೆಯಿಂದ ನೋಡಿದರೆ ಮುಖ.

ಆಮೇಲೆ ನಾನು ಈ ಕೆಲಸದಲ್ಲಿ ಪಳಗಿದೆ. ಕೆಂಪು ಬಟ್ಟೆಯ ನೆರಳಿಗೆ ಕಪ್ಪು ಬೆರೆಸಿದರೆ ಅದು ಕೊಳೆಯಂತೆ ಕಾಣುತ್ತದೆ, ಕಡು ಕಂದುಗೆಂಪು ಬೆರೆಸಿದರೆ ನೆರಳಾಗುತ್ತದೆ ಎಂದು ಕಲಿತೆ. ಬಟ್ಟೆಯ ಮಡಿಕೆಗೆ ಗ್ರೇಡಿಯಂಟ್ ಮೆಶ್ ಬೇಕು. ಆಕಾರದ ಮೇಲೆ ಬಲೆ ಹಾಸಿ, ಬಲೆಯ ಒಂದೊಂದು ಗಂಟಿಗೂ ಬೇರೆ ಬಣ್ಣ ಕೊಡುವ ವಿಧಾನ ಅದು, 1998ರ ಇಲಸ್ಟ್ರೇಟರ್ 8ರಲ್ಲಿ ಬಂದದ್ದು. 2018ರ ಕೊನೆಗೆ ಫ್ರೀಫಾರ್ಮ್ ಗ್ರೇಡಿಯಂಟ್ ಬಂದ ಮೇಲೆ ಬಲೆಯಿಲ್ಲದೆ ಬೇಕಾದ ಕಡೆ ಚುಕ್ಕಿ ಇಟ್ಟು ಬಣ್ಣ ಹರಡುವುದೂ ಸಾಧ್ಯವಾಯಿತು. ಒಮ್ಮೆ ಎರಡು ಮೀಟರ್ ಅಗಲದ ಬೋರ್ಡಿಗೆ ತಿಳಿನೀಲಿಯಿಂದ ಇನ್ನೂ ಸ್ವಲ್ಪ ತಿಳಿನೀಲಿಗೆ ಹೋಗುವ ಹಿನ್ನೆಲೆ ಮಾಡಿದ್ದೆ. ಎರಡು ಬಣ್ಣಗಳ ನಡುವೆ ಇದ್ದದ್ದು ಇಪ್ಪತ್ತೇ ಮೆಟ್ಟಿಲು. ಎರಡು ಮೀಟರನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲು ಹತ್ತು ಸೆಂಟಿಮೀಟರ್. ಪ್ರಿಂಟಾಗಿ ಬಂದಾಗ ಬೋರ್ಡಿನ ತುಂಬ ಪಟ್ಟೆಗಳು. ಅದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಮೇಲೆ ಸಣ್ಣಗೆ ಮರಳಿನಂಥ ಕಾಳು ಉದುರಿಸಿದರೆ ಪಟ್ಟೆ ಮರೆಯಾಗುತ್ತದೆ ಎಂದೂ ಮಾಸ್ಟರೇ ತೋರಿಸಿದರು. ಅಂಚು ಕಾಣದಂತೆ ಮಾಡುವುದೇ ನನ್ನ ಕಸುಬು ಎಂದುಕೊಂಡಿದ್ದೆ.

ಹೋದ ವರ್ಷ ಒಬ್ಬ ಸೀರೆ ವ್ಯಾಪಾರಿಯ ಕ್ಯಾಲೆಂಡರ್ ಕೆಲಸ ಬಂತು. ಹನ್ನೆರಡು ತಿಂಗಳಿಗೆ ಹನ್ನೆರಡು ಊರಿನ ಸೀರೆ. ಕಾಂಚೀಪುರ, ಬನಾರಸ್, ಪೈಠಣ, ಪೋಚಂಪಳ್ಳಿಯ ಜೊತೆ ಇಳಕಲ್ಲೂ ಇತ್ತು. ‘ಉನ್ ಊರುದಾನೇ’ ಎಂದು ಮಾಸ್ಟರ್ ಆ ಪುಟವನ್ನು ನನಗೇ ಕೊಟ್ಟರು.

ನಮ್ಮ ಮನೆಯಲ್ಲಿ ಅಪ್ಪ ಇದ್ದಾಗ ಮಗ್ಗ ಇತ್ತು. ಅಪ್ಪ ಹೋದ ಮೇಲೆ ಅದನ್ನು ಮಾರಿ ಅವ್ವ ಬೇರೆಯವರ ಮಗ್ಗಕ್ಕೆ ಕೊಂಡಿ ಹಾಕಿಕೊಡುವ ಕೆಲಸ ಹಿಡಿದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲಿದ್ದರೂ ಸೆರಗಿಗೆ ಕೆಂಪು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸಬೇಕು. ಅದೇ ಕೊಂಡಿ. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ಸೀರೆ ಇಳಿದರೆ ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಬೇರೆ ಕಡೆಯಂತೆ ಹಲವು ಸೀರೆಗೆ ಒಂದೇ ಉದ್ದದ ಹಾಸು ಹೂಡುವ ಅನುಕೂಲ ನಮ್ಮಲ್ಲಿಲ್ಲ. ಪಡಸಾಲೆಯಲ್ಲಿ ಬೆಳಕು ಬೀಳುವ ಕಡೆ ಕೂತು ಅವ್ವ ಎಳೆಗೆ ಎಳೆ ಸಿಕ್ಕಿಸುತ್ತಿದ್ದಳು. ನನ್ನ ಡಿಪ್ಲೊಮಾದ ಫೀಸು ಆ ಕುಣಿಕೆಗಳಿಂದ ಬಂದದ್ದು.

ಇಷ್ಟು ಗೊತ್ತಿದ್ದವನು ನಾನು. ಆದರೂ ಏನು ಮಾಡಿದೆ ನೋಡಿ. ಒಡಲಿಗೆ ಕಡುನೀಲಿ, ಸೆರಗಿಗೆ ಕೆಂಪು ಹಾಕಿದೆ. ನೆರಿಗೆಗಳಿಗೆ ಮೆಶ್ ಹಾಕಿದೆ. ಒಡಲು ಸೆರಗಾಗುವ ಕಡೆ ಮಾಸ್ಟರ್ ಕಲಿಸಿದ ಪಾಠದಂತೆ ನಡುವೆ ನೇರಳೆಹಣ್ಣಿನ ಬಣ್ಣದ ಸ್ಟಾಪ್ ಇಟ್ಟೆ. ನೀಲಿ ನೇರಳೆಯಾಗಿ, ನೇರಳೆ ದಾಳಿಂಬೆಯಾಗಿ ಹರಿಯಿತು. ಟೋಪ್ ತೆನಿಯ ಬಿಳಿ ಮೊನೆಗಳನ್ನು ಬುಡದಲ್ಲಿ ಪಾರದರ್ಶಕ ಮಾಡಿದೆ, ಮಂಜಿನೊಳಗಿಂದ ಗೋಪುರ ಏಳುವ ಹಾಗೆ. ಹನ್ನೆರಡು ಪುಟಗಳಲ್ಲಿ ಇದೇ ಚಂದ ಎಂದು ಆಫೀಸಿನಲ್ಲಿ ಎಲ್ಲರೂ ಅಂದರು. ವ್ಯಾಪಾರಿಗೂ ಹಿಡಿಸಿತು. ಒಳಗೊಳಗೆ ಸಣ್ಣ ಅಳುಕಿತ್ತು. ಚಿತ್ರವನ್ನು ತಂಗಿಯ ಫೋನಿಗೆ ಕಳಿಸಿ ಅವ್ವನಿಗೆ ತೋರಿಸಲು ಹೇಳಿದೆ. ‘ಚೊಲೋ ಬಂದೈತಿ, ಥೇಟ್ ನಮ್ಮ ಸೀರಿ’ ಎಂದಳು ಅವ್ವ. ಅಳುಕು ಹೋಯಿತು.

ಎರಡು ವಾರ ಬಿಟ್ಟು ತಂಗಿ ಫೋನ್ ಮಾಡಿದಳು. ‘ಅಣ್ಣಾ, ಅವ್ವ ಚಾದಾಗ ಸಕ್ಕರಿ ಅಂತ ಉಪ್ಪು ಹಾಕ್ಯಾಳ. ನಿನ್ನೆ ಹೊಸ್ತಿಲಾಗ ಎಡವಿ ಬಿದ್ಲು. ಕಣ್ಣು ತೋರಸೂಣು ಅಂದ್ರ ಒಲ್ಲೆ ಅಂತಾಳ.’ ಹೇಗೋ ಒಪ್ಪಿಸಿ, ರಾಯಚೂರಿನ ತನಕ ಬಸ್ಸು, ಅಲ್ಲಿಂದ ರೈಲು ಹಿಡಿಸಿ ಇಬ್ಬರನ್ನೂ ಕರೆಸಿಕೊಂಡೆ. ಚೂಳೈಮೇಡಿನ ನನ್ನ ಒಂದೇ ರೂಮಿನಲ್ಲಿ ಮೂವರಾದೆವು.

ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಬಲಿತಿದೆ ಎಂದರು. ಎಷ್ಟು ದಿನದಿಂದ ಮಂಜು ಎಂದು ಕೇಳಿದರೆ ಅವ್ವ ‘ಈಗೀಗ’ ಎಂದಳು. ಅವರು ನನ್ನ ಮುಖ ನೋಡಿದರು. ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ ಕೊಂಡಿ ಎನ್ನುವುದನ್ನು ತಮಿಳಿನಲ್ಲಿ ಹೇಗೆ ಹೇಳುವುದೋ ತಿಳಿಯಲಿಲ್ಲ. ನನ್ನ ಎರಡು ತೋರುಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದೆ. ‘ಇಂಥ ಕಣ್ಣಿಟ್ಟುಕೊಂಡಾ?’ ಎಂದರು ಡಾಕ್ಟರು. ಅವ್ವ ನೆಲ ನೋಡಿದಳು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅವ್ವ ನೋಡಿದ್ದು ನನ್ನ ಅಂಗಿಯನ್ನು. ‘ಇದು ನೀಲಿ ಏನೋ? ನಾ ಕರೇದು ಅನ್ಕೊಂಡಿದ್ನಿ.’ ಪೊರೆ ಬಂದ ಮಸೂರ ಹಳದಿಗೆ, ಕಂದಿಗೆ ತಿರುಗಿ ನೀಲಿಯನ್ನು ತಡೆಯುತ್ತದೆ ಎಂದು ಅಲ್ಲಿಯ ಸಿಸ್ಟರ್ ವಿವರಿಸಿದರು. ಎಷ್ಟೋ ಜನ ಪಟ್ಟಿ ಬಿಚ್ಚಿದೊಡನೆ ಮೊದಲು ನೀಲಿಯ ಬಗ್ಗೆಯೇ ಮಾತಾಡುತ್ತಾರಂತೆ. ಆಟೋದಲ್ಲಿ ವಾಪಸು ಬರುವಾಗ ಅವ್ವ ಕಪ್ಪು ಕನ್ನಡಕದ ಸಂದಿಯಿಂದ ಅಂಗಡಿ ಬೋರ್ಡುಗಳನ್ನು ನೋಡುತ್ತ ‘ಅದು ನೀಲಿ, ಅದೂ ನೀಲಿ’ ಎಂದು ಎಣಿಸಿದಳು.

ಒಂದು ವಾರದ ನಂತರ ತಪಾಸಣೆಗೆ ಬಂದವಳನ್ನು ಹಾಗೇ ಆಫೀಸಿಗೆ ಕರೆದುಕೊಂಡು ಹೋದೆ. ಕ್ಯಾಲೆಂಡರಿನ ಪ್ರೂಫುಗಳು ಗೋಡೆಗೆ ಅಂಟಿದ್ದವು. ಮಾಸ್ಟರ್ ಎದ್ದು ‘ವಾಂಗಮ್ಮಾ’ ಎಂದು ಕುರ್ಚಿ ಸರಿಸಿದರು. ಅವ್ವ ಕೂರಲಿಲ್ಲ. ನನ್ನ ಚಿತ್ರದ ಮುಂದೆ ಹೋಗಿ ನಿಂತಳು, ಒಂದು ಕಣ್ಣು ಮುಚ್ಚಿ ಆಪರೇಷನ್ ಆದ ಕಣ್ಣಿನಿಂದ ನೋಡಿದಳು.

‘ಸೆರಗು ಎಲ್ಲಿಂದ ಸುರು?’

ನಾನು ಬೆರಳಿಟ್ಟು ತೋರಿಸಲು ಹೋದೆ. ನನಗೂ ಸರಿಯಾದ ಜಾಗ ಸಿಗಲಿಲ್ಲ.

‘ಒಗದಾಗ ಬಣ್ಣ ಬಿಟ್ಟ ಸೀರಿಗತೆ ಐತಲ್ಲೋ. ಕೊಂಡಿ ಎಲ್ಲೈತಿ?’

‘ಫೋನಿನ್ಯಾಗ ನೋಡಿ ಚೊಲೋ ಐತಿ ಅಂದಿದ್ದೆಲ್ಲವ್ವಾ’ ಎಂದೆ.

‘ಆವಾಗ ನನಗ ಎಲ್ಲಾ ಸೀರಿನೂ ಹಿಂಗ ಕಾಣತಿದ್ವು.’

ಮಾಸ್ಟರಿಗೆ ಕನ್ನಡ ಬಾರದಿದ್ದರೂ ಏನೋ ಅರ್ಥವಾದಂತೆ ತಮ್ಮ ಮೇಜಿಗೆ ಹೋಗಿ ಕೂತರು.

ಆ ರಾತ್ರಿ ಒಂದೊಂದೇ ಹೊರಬಂತು. ಎರಡು ವರ್ಷದಿಂದ ಅವ್ವನಿಗೆ ಎಳೆ ಕಾಣುತ್ತಿರಲಿಲ್ಲ. ಬೆರಳಿನ ಅಂದಾಜಿನ ಮೇಲೆ ಕೊಂಡಿ ಹಾಕುತ್ತಿದ್ದಳು. ‘ಯಾಕ ಹೇಳಲಿಲ್ಲ?’ ಎಂದರೆ, ‘ಹೇಳಿದ್ರ ನೀ ಕೆಲಸ ಬಿಟ್ಟು ಬಂದ್ ಬಿಡ್ತಿದ್ದಿ’ ಎಂದಳು. ತಂಗಿ ಸುಮ್ಮನೆ ಪಾತ್ರೆ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಚೀಲದಿಂದ ಒಂದು ಸೀರೆ ತೆಗೆದಳು. ಹಿಂದಿನ ವರ್ಷ ಅವಳೇ ಕೊಂಡಿ ಹಾಕಿದ್ದು, ಮಾಲಕರು ಪಂಚಮಿಗೆ ಕೊಟ್ಟದ್ದು. ಟ್ಯೂಬ್‌ಲೈಟಿನ ಕೆಳಗೆ ಒಡಲು ಸೆರಗು ಕೂಡುವ ಕಡೆಯನ್ನು ಅಂಗೈ ಮೇಲೆ ಹರಡಿಕೊಂಡು ಈ ಅಂಚಿನಿಂದ ಆ ಅಂಚಿನ ತನಕ ನೋಡುತ್ತ ಹೋದಳು. ನನಗೂ ಕಂಡಿತು. ಅಲ್ಲಲ್ಲಿ ಕುಣಿಕೆ ಸಡಿಲಾಗಿ ಗೆರೆ ಸೊಟ್ಟಗಾಗಿತ್ತು.

‘ಯಾರೂ ಹೇಳಲಿಲ್ಲ ನೋಡು’ ಎಂದು ಮಡಿಚಿಟ್ಟಳು.

ಆ ವಾರ ಮಳೆ ಹಿಡಿದಿತ್ತು. ಆಫೀಸಿನಲ್ಲಿ ಎಲ್ಲರೂ ಹವಾಮಾನ ಇಲಾಖೆಯ ನಕ್ಷೆ ತೆರೆದು ಕೂತಿದ್ದೆವು. ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು, ನಾಲ್ಕೇ ಬಣ್ಣ. ಮಳೆ ಜಿಲ್ಲೆಯ ಗಡಿ ನೋಡಿ ಸುರಿಯುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿಯೇ ಹೆಚ್ಚಾಗುತ್ತದೆ. ಆದರೂ ಕಿತ್ತಳೆಗೂ ಕೆಂಪಿಗೂ ನಡುವೆ ಚಂದದ ಗ್ರೇಡಿಯಂಟ್ ಹಾಕಿದರೆ ಶಾಲೆಗೆ ರಜೆ ಕೊಡಬೇಕೋ ಬೇಡವೋ ಯಾರಿಗೆ ತಿಳಿದೀತು? ದಿನಾ ನೋಡುವ ನಕ್ಷೆ. ಅದರಲ್ಲಿ ಬಣ್ಣ ಯಾಕೆ ಬೆರೆತಿಲ್ಲ ಎಂದು ಯೋಚಿಸಿದ್ದು ಅವತ್ತೇ ಮೊದಲು.

ಫೈಲ್ ತೆರೆದೆ. ಗ್ರೇಡಿಯಂಟಿನಲ್ಲಿ ಗಟ್ಟಿ ಗೆರೆ ತರುವುದು ಸುಲಭ. ನಡುವಿನ ನೇರಳೆ ಸ್ಟಾಪನ್ನು ಪ್ಯಾನೆಲ್ಲಿನಿಂದ ಕೆಳಗೆಳೆದು ಬಿಸಾಕಿದೆ. ಒಂದು ಕಡುನೀಲಿ ಸ್ಟಾಪ್, ಒಂದು ಕೆಂಪು ಸ್ಟಾಪ್ ಹೊಸದಾಗಿ ಸೇರಿಸಿ ಎರಡರ ಲೊಕೇಶನ್ನಿನಲ್ಲೂ ಒಂದೇ ಅಂಕಿ ಬರೆದೆ. ಒಂದೇ ಬಿಂದುವಿನ ಮೇಲೆ ಎರಡು ಸ್ಟಾಪ್ ಬಂದರೆ ಬೆರೆಯಲು ಜಾಗವೇ ಉಳಿಯುವುದಿಲ್ಲ, ನೀಲಿ ನಿಂತಲ್ಲಿ ಕೆಂಪು ಶುರು. ಆ ಗೆರೆಯ ಮೇಲೆ ಸಣ್ಣ ಕುಣಿಕೆಯೊಂದನ್ನು ಬರೆದು ಬ್ರಷ್ ಮಾಡಿ ಅಗಲಕ್ಕೂ ಹರಿಸಿದೆ. ಟೋಪ್ ತೆನಿಯ ಪಾರದರ್ಶಕತೆ ತೆಗೆದು ಬಿಳಿಯನ್ನು ಬಿಳಿಯಾಗಿಯೇ ಇಟ್ಟೆ. ಬೆಳಕು ನೆರಳಿನ ಗ್ರೇಡಿಯಂಟುಗಳನ್ನು ಹಾಗೇ ಬಿಟ್ಟೆ, ಮಡಿಕೆಗೆ ಅವು ಬೇಕು. ಎರಡು ದಿನ ಮಾಡಿದ್ದನ್ನು ತಿದ್ದಲು ಹಿಡಿದದ್ದು ಒಂದೂವರೆ ಗಂಟೆ.

ವ್ಯಾಪಾರಿಯನ್ನು ಒಪ್ಪಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ‘ಮೊದಲಿನದೇ ಸಾಫ್ಟ್ ಆಗಿತ್ತು, ಇದು ಕತ್ತರಿಸಿದಂತಿದೆ’ ಎಂದರು. ಅವ್ವನ ಸೀರೆಯ ಜೋಡಣೆಯನ್ನು ಫೋಟೋ ತೆಗೆದು ಕಳಿಸಿದೆ. ಸಡಿಲ ಕುಣಿಕೆ ಇಲ್ಲದ ಜಾಗ ನೋಡಿ ತೆಗೆದೆ. ಈ ಗೆರೆ ಇಲ್ಲದಿದ್ದರೆ ಅದು ಇಳಕಲ್ ಸೀರೆಯೇ ಅಲ್ಲ, ನಿಮ್ಮ ಗಿರಾಕಿಗಳಲ್ಲಿ ಗೊತ್ತಿದ್ದವರು ನಗುತ್ತಾರೆ ಎಂದೆ. ಕೊನೆಗೆ ಹೂಂ ಅಂದರು. ಆದರೆ ಆ ಪುಟಕ್ಕೆ ಆಫ್‌ಸೆಟ್ ಪ್ಲೇಟುಗಳು ಆಗಲೇ ಆಗಿದ್ದವು. ಹೊಸ ನಾಲ್ಕು ಪ್ಲೇಟಿನ ಖರ್ಚನ್ನು ನನ್ನ ಸಂಬಳದಲ್ಲಿ ಹಿಡಿದರು. ಗೊತ್ತಿದ್ದೂ ಮಾಡಿದ ತಪ್ಪು, ನಾನು ವಾದಿಸಲಿಲ್ಲ. ‘ನಡುವುಲ ಒರು ಕಲರ್ ವೈ’ ಎಂದಿದ್ದ ಮಾಸ್ಟರ್ ಹೊಸ ಪ್ರೂಫನ್ನು ಬಹಳ ಹೊತ್ತು ನೋಡಿ, ‘ಆಕಾಶಕ್ಕೆ ಅದು, ಸೀರೆಗೆ ಇದು’ ಎಂದು ತಮ್ಮ ತಮಿಳಿನಲ್ಲಿ ಹೇಳಿದರು.

ಎರಡನೆಯ ಕಣ್ಣಿನ ಆಪರೇಷನ್ನೂ ಮುಗಿಸಿಕೊಂಡು ಅವ್ವ ಊರಿಗೆ ಹೋದಳು. ಹೋದ ವಾರವೇ ತಂಗಿಯ ಫೋನು. ಅವ್ವ ಮಾಲಕರ ಮನೆಗೆ ಹೋಗಿ, ಎರಡು ವರ್ಷದ ನನ್ನ ಕೆಲಸ ನೆಟ್ಟಗಿರಲಿಲ್ಲ ಎಂದು ತಾನೇ ಹೇಳಿದಳಂತೆ. ಅವರು ‘ನಮಗ ಗೊತ್ತಿತ್ತು ಬಿಡವ್ವಾ, ನಿನ್ನ ಮುಂದ ಹ್ಯಾಂಗ ಹೇಳೂಣು’ ಎಂದರಂತೆ. ಅವ್ವನಿಗೆ ಸಿಟ್ಟು ಬಂದಿದೆ. ‘ಗೊತ್ತಿದ್ದೂ ಸುಮ್ಮನಿದ್ರ ನಾ ಹ್ಯಾಂಗ ತಿದ್ದಿಕೋಬೇಕು?’ ಎಂದು ಜಗಳ ತೆಗೆದು, ಡಾಕ್ಟರು ಹೇಳಿದ ಅವಧಿ ಮುಗಿಯುವ ತನಕ ಹಾಸು ತರುವುದಿಲ್ಲ, ಮುಗಿದ ಮೇಲೆ ಮೊದಲ ಹಾಸು ನನಗೇ ಕೊಡಬೇಕು ಎಂದು ಹೇಳಿ ಬಂದಿದ್ದಾಳೆ.

ಡಿಸೆಂಬರಿನಲ್ಲಿ ಕ್ಯಾಲೆಂಡರ್ ಅಚ್ಚಾಯಿತು. ಒಂದು ಪ್ರತಿಯನ್ನು ಸುತ್ತಿ ಊರಿಗೆ ಕಳಿಸಿದೆ. ನಾಲ್ಕು ದಿನದ ಮೇಲೆ ಅವ್ವ ತಾನೇ ಫೋನ್ ಮಾಡಿದಳು. ಚೊಲೋ ಬಂದೈತಿ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ.

‘ಆ ಕಡೀ ಅಂಚಿನ್ಯಾಗ ಒಂದು ತೆನಿ ಕಡಿಮಿ ಬಿದ್ದೈತಿ’ ಎಂದಳು.

ಫೈಲ್ ತೆರೆದು ಎಣಿಸಿದೆ. ನಿಜ, ಒಂದು ಕಡಿಮೆ ಇತ್ತು.